ಸವಾರನ ಸಲಾಮು

ಎದುರಿನಿಂದ ಸೈಕಲ್ ತುಳಿಯುತ್ತಾ ಬರುವ ಅಪರಿಚಿತನಿಗೆ, ನಾವೂ ಸೈಕಲ್ ಮೇಲಿದ್ದೇವೆ ಎಂಬ ಒಂದೇ ಕಾರಣಕ್ಕೆ ಸಲಾಮು ಹೇಳಬೇಕೇ? ಈ ಪ್ರಶ್ನೆಯನ್ನು ನಮ್ಮ ತಂದೆಯ ಕಾಲದವರ ಮುಂದಿಟ್ಟಿದ್ದರೆ ಅವರು ನಕ್ಕುಬಿಡುತ್ತಿದ್ದರು. ಆಗ ಸೈಕಲ್ ಇಲ್ಲದೆ ರಸ್ತೆಗಿಳಿಯುವವರೇ ಕಡಿಮೆ. ಕಚೇರಿಯ ಗುಮಾಸ್ತ, ಶಾಲೆಯ ಮಾಸ್ತರು, ಅಂಚೆಯವನು, ಹಾಲಿನವನು, ಮಸೀದಿಯ ಮುಅಝ್ಝಿನ್ ಸಾಹೇಬರು ಎಲ್ಲರೂ ಅದರ ಮೇಲೆಯೇ. ದಾವಣಗೆರೆಯ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಪಾಳಿ ಬಿಟ್ಟ ಹೊತ್ತಿಗೆ ರಸ್ತೆಯ ಉದ್ದಕ್ಕೂ ಸೈಕಲ್ಲುಗಳೇ. ಅಲ್ಲಿ ಯಾರು ಯಾರಿಗೆಂದು ಕೈ ಎತ್ತುವುದು? ಸೈಕಲ್ಲು ಕಾಲಿನ ಚಪ್ಪಲಿಯಂತಿತ್ತು. ಚಪ್ಪಲಿ ಮೆಟ್ಟಿದವನು ಚಪ್ಪಲಿ ಮೆಟ್ಟಿದ ಇನ್ನೊಬ್ಬನನ್ನು ಕಂಡು, ಆಹಾ ನೀನೂ ನಮ್ಮವನೇ ಎಂದು ನಮಸ್ಕರಿಸುವುದುಂಟೇ? ಗುರುತಿನವರಾದರೆ ಸಲಾಮು, ಮಾತು. ಮಾತು ಮುಗಿಯದಿದ್ದರೆ ಇಬ್ಬರೂ ಇಳಿದು, ಹ್ಯಾಂಡಲ್ ಹಿಡಿದುಕೊಂಡೇ ರಸ್ತೆಯ ಪಕ್ಕದಲ್ಲಿ ಅರ್ಧ ಗಂಟೆ. ಗುರುತಿಲ್ಲದವರಾದರೆ ಗಂಟೆ ಬಾರಿಸಿ ಮುಂದೆ.

ಈಗ ಆ ಪ್ರಶ್ನೆ ಎದ್ದಿದೆ. ನಮ್ಮ ಬಂಧುಗಳ ಮಗನೊಬ್ಬ ಬೆಂಗಳೂರಿನ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಭಾನುವಾರ ಫಜ್ರ್ ನಮಾಝ್ ಮುಗಿಸಿದವನೇ ತಲೆಗೆ ಹೆಲ್ಮೆಟ್ ಕಟ್ಟಿ, ಸುಮಾರು 60 ಕಿಲೋಮೀಟರ್ ದೂರದ ನಂದಿ ಬೆಟ್ಟದ ಕಡೆಗೆ ಸೈಕಲ್ ತುಳಿಯುತ್ತಾನೆ. ಆ ರಸ್ತೆಯಲ್ಲಿ ಅವನಂಥವರು ಬಹಳ. ಎದುರಾದಾಗ ಹ್ಯಾಂಡಲಿನಿಂದ ನಾಲ್ಕು ಬೆರಳು ಎತ್ತುವುದೋ ತಲೆ ಆಡಿಸುವುದೋ ಅವರ ನಡುವೆ ರೂಢಿ. ರಂಝಾನ್ ಹಬ್ಬಕ್ಕೆ ಊರಿಗೆ ಬಂದವನು ಶೀರ್‌ಖುರ್ಮಾ ಕುಡಿಯುತ್ತಾ ಕೇಳಿದ: "ಚಾಚಾ, ನಾನು ಕೈ ಎತ್ತಿದ್ರೆ ಕೆಲವರು ಎತ್ತುತ್ತಾರೆ. ಕೆಲವರು ಕಂಡೂ ಕಾಣದ ಹಾಗೆ ಹೋಗಿಬಿಡ್ತಾರೆ. ಆಮೇಲೆ ಒಂದು ಕಿಲೋಮೀಟರ್ ತನಕ ಮನಸ್ಸು ಕೆಟ್ಟಿರುತ್ತೆ. ಇದನ್ನ ಮಾಡ್ಬೇಕಾ, ಬಿಟ್ಬಿಡ್ಬೇಕಾ? ನಿಮ್ಮ ಕಿತಾಬುಗಳಲ್ಲಿ ಇದಕ್ಕೇನಾದ್ರೂ ಇದೆಯಾ?"

ಅವನು ತಮಾಷೆಗೆ ಕೇಳಿದ್ದು. ಆದರೆ ಕಿತಾಬುಗಳಲ್ಲಿ ಇದಕ್ಕೆ ಖಂಡಿತ ಇದೆ. ಅಷ್ಟೇ ಅಲ್ಲ, ಬೇರೆ ಯಾವ ಪುಸ್ತಕಗಳಲ್ಲೂ ಇಷ್ಟು ವಿವರವಾಗಿ ಇರಲಾರದು ಎಂದು ನಮಗೆ ಅನಿಸುತ್ತದೆ. ಅದನ್ನು ಹೇಳುವ ಮೊದಲು ನಾವು ಅವನಿಗೊಂದು ಮರುಪ್ರಶ್ನೆ ಹಾಕಿದೆವು. ಅದೇ ರಸ್ತೆಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬರುವವನು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವ ವಾಚ್‌ಮನ್, ಕ್ಯಾರಿಯರಿನ ಎರಡೂ ಕಡೆ ಗೋಣಿಚೀಲ ತೂಗಿಬಿಟ್ಟ ಗುಜರಿಯವನು, ಇವರಿಗೆ ನೀನು ಬೆರಳು ಎತ್ತುತ್ತೀಯಾ? ಹುಡುಗ ಸ್ವಲ್ಪ ಯೋಚಿಸಿ, ಯಾವ ಕಪಟವೂ ಇಲ್ಲದೆ ಹೇಳಿದ: "ಅವರು ಸೈಕ್ಲಿಸ್ಟ್‌ಗಳಲ್ಲವಲ್ಲ ಚಾಚಾ."

ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಸೈಕಲ್ ತುಳಿಯುವವನು ಸೈಕ್ಲಿಸ್ಟ್ ಅಲ್ಲ! ಹುಡುಗನ ಮೇಲೆ ನಮಗೆ ಸಿಟ್ಟು ಬರಲಿಲ್ಲ. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಒಂದೇ ಗಾಡಿಯ ಹೆಸರಿನಲ್ಲಿ ಎರಡು ಜಾತಿಗಳು ಹುಟ್ಟಿಕೊಂಡಿವೆ. 2011ರ ಜನಗಣತಿಯ ಲೆಕ್ಕದಂತೆ ದೇಶದ ನೂರು ಮನೆಗಳಲ್ಲಿ ಸುಮಾರು 45ರಲ್ಲಿ ಸೈಕಲ್ ಇತ್ತು. ಅವುಗಳಲ್ಲಿ ಬಹುಪಾಲು ಹೊಟ್ಟೆಪಾಡಿನ ಸೈಕಲ್ಲುಗಳು. ವ್ಯಾಯಾಮದ ಸೈಕಲ್ಲು ಆಮೇಲೆ ಬಂದದ್ದು. ಒಂದು ಕಡೆ ಇದು ಏರುತ್ತಿದೆ, ಇನ್ನೊಂದು ಕಡೆ ಅದು ಇಳಿಯುತ್ತಿದೆ. ವಿಶ್ವಸಂಸ್ಥೆ 2018ರಲ್ಲಿ ಜೂನ್ 3ನ್ನು ವಿಶ್ವ ಸೈಕಲ್ ದಿನವೆಂದು ಘೋಷಿಸಿತು. ನಮ್ಮ ಅಣ್ಣಂದಿರೆಲ್ಲ ತುಳಿದ ಅಟ್ಲಾಸ್ ಸೈಕಲ್ಲಿನ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರಲ್ಲಿ, ಅದೇ ಜೂನ್ 3ರಂದು. ಇಂಥ ಕಾಕತಾಳೀಯವನ್ನು ಕತೆಯಲ್ಲಿ ಬರೆದರೆ ಸಂಪಾದಕರು ಅತಿಯಾಯಿತೆಂದು ಹೊಡೆದುಹಾಕುತ್ತಾರೆ.

ಒಂದೇ ಕಸುಬಿನವರು ರಸ್ತೆಯಲ್ಲಿ ಪರಸ್ಪರ ಕೈ ಎತ್ತುವುದರಲ್ಲಿ ತಪ್ಪೇನಿಲ್ಲ. ಸಾರಿಗೆ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತವರೆಲ್ಲ ನೋಡಿರುತ್ತಾರೆ, ಎದುರಿನಿಂದ ಇನ್ನೊಂದು ಸಾರಿಗೆ ಬಸ್ಸು ಬಂದರೆ ಎರಡೂ ಕಡೆಯ ಡ್ರೈವರುಗಳು ಸ್ಟೇರಿಂಗಿನಿಂದ ಕೈ ಎತ್ತುತ್ತಾರೆ. ಅರೆಕ್ಷಣದ ಕೆಲಸ. ನಿನ್ನ ಪಾಡು ನನಗೆ ಗೊತ್ತು, ನನ್ನ ಪಾಡು ನಿನಗೆ ಗೊತ್ತು ಎಂದಷ್ಟೇ ಅದರ ಅರ್ಥ. ಲಾರಿಯವರು ಮುಂದೆ ತಪಾಸಣೆ ಇದೆಯೆಂದು ಹಗಲಲ್ಲೇ ದೀಪ ಮಿಟುಕಿಸುತ್ತಾರೆ. ಅದೂ ಒಂದು ಬಗೆಯ ಸಲಾಮೇ, ಕಾನೂನು ಒಪ್ಪದಿರಬಹುದು. ನಂದಿ ಬೆಟ್ಟದ ಹುಡುಗರ ನಾಲ್ಕು ಬೆರಳಿನದೂ ಹೀಗೆಯೇ ಎಂದುಕೊಳ್ಳೋಣ. ನಮ್ಮ ತಕರಾರು ಇಷ್ಟೇ: ಡ್ರೈವರು ಡ್ರೈವರಿಗೆ ಕೈ ಎತ್ತುವಾಗ ಎದುರಿನ ಬಸ್ಸು ಹಳೆಯದೋ ಹೊಸದೋ ಎಂದು ನೋಡುವುದಿಲ್ಲ. ಇಲ್ಲಿ ಮೊದಲು ಸೈಕಲ್ಲನ್ನು ನೋಡಿ, ಆಮೇಲೆ ಮನುಷ್ಯನನ್ನು ನೋಡುವ ಅಭ್ಯಾಸ ಸೇರಿಕೊಂಡಿದೆ.

ಈಗ ಕಿತಾಬಿಗೆ ಬರೋಣ. ಅಬೂ ಹುರೈರಾ(ರ) ವರದಿ ಮಾಡಿದ ಒಂದು ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿದೆ. ಮದ್ರಸಾದಲ್ಲಿ ಓದಿದ ಮಕ್ಕಳಿಗೆಲ್ಲ ಗೊತ್ತಿರುವಂಥದ್ದು. ಅದರ ತಾತ್ಪರ್ಯ ಇದು: ಸವಾರನು ನಡೆಯುವವನಿಗೆ ಸಲಾಂ ಹೇಳಬೇಕು, ನಡೆಯುವವನು ಕುಳಿತವನಿಗೆ, ಸ್ವಲ್ಪ ಜನ ಇರುವವರು ಹೆಚ್ಚು ಜನ ಇರುವವರಿಗೆ. ಚಿಕ್ಕವರು ದೊಡ್ಡವರಿಗೆ ಎಂಬ ಮಾತೂ ಇದರ ಜೊತೆಗೇ ಬುಖಾರಿಯಲ್ಲಿದೆ. ಚಿಕ್ಕವರು ದೊಡ್ಡವರಿಗೆ ಎಂಬುದನ್ನು ಮಾತ್ರ ನಮ್ಮ ಹಿರಿಯರು ಚೆನ್ನಾಗಿ ನೆನಪಿಟ್ಟುಕೊಂಡರು, ಮಕ್ಕಳಿಗೂ ತಪ್ಪದೆ ಕಲಿಸಿದರು. ಸವಾರನ ಭಾಗ ಹಿಂದೆ ಬಿತ್ತು.

ಈ ಸಾಲನ್ನು ಅರಬರ ಮರುಭೂಮಿಯಲ್ಲಿ ನಿಂತು ಕೇಳಬೇಕು. ಅಲ್ಲಿ ಸವಾರನೆಂದರೆ ಕುದುರೆಯ ಮೇಲೋ ಒಂಟೆಯ ಮೇಲೋ ಇರುವವನು, ಅಂದರೆ ಉಳ್ಳವನು. ನಡೆಯುವವನು ಇಲ್ಲದವನು. ಲೋಕದ ಪದ್ಧತಿ ಏನು? ಕೆಳಗಿನವನು ಮೇಲಿನವನಿಗೆ ಮುಜುರೆ ಮಾಡಬೇಕು. ದೊರೆಯ ಸವಾರಿ ಬಂದರೆ ಪಾದಚಾರಿ ಬದಿಗೆ ಸರಿದು ಬಾಗಬೇಕು. ಪ್ರವಾದಿ(ಸ)ಯವರು ಅದನ್ನು ತಲೆಕೆಳಗು ಮಾಡಿದರು. ಮೇಲಿರುವವನೇ ಮೊದಲು ಬಾಯಿ ತೆರೆಯಬೇಕು. ಹದಿನೈದನೆಯ ಶತಮಾನದಲ್ಲಿ ಕೈರೋದಲ್ಲಿದ್ದ ಇಬ್ನ್ ಹಜರ್ ಅಸ್ಕಲಾನಿಯವರು ಬುಖಾರಿಗೆ ಬರೆದ ವ್ಯಾಖ್ಯಾನ 'ಫತ್‌ಹುಲ್ ಬಾರಿ'ಯಲ್ಲಿ ಇದಕ್ಕೆ ಹಿಂದಿನ ವಿದ್ವಾಂಸರು ಕೊಟ್ಟ ಕಾರಣಗಳನ್ನು ಕಲೆಹಾಕಿದ್ದಾರೆ. ಸವಾರಿ ತಲೆಗೇರಬಾರದು, ಸವಾರ ವಿನಯಕ್ಕೆ ಮರಳಬೇಕು ಎಂಬುದು ಅದರಲ್ಲೊಂದು. ಇಬ್ಬರೂ ಸವಾರರಾದರೆ, ಒಬ್ಬನದು ಒಂಟೆ, ಇನ್ನೊಬ್ಬನದು ಕುದುರೆಯಾದರೆ ಯಾರು ಮೊದಲು ಎಂಬಷ್ಟರ ಮಟ್ಟಿಗೆ ಆ ಚರ್ಚೆ ಹೋಗುತ್ತದೆ. ಓದುವಾಗ ನಗು ಬರುತ್ತದೆ. ಆದರೆ ಹತ್ತು ಸಾವಿರದ ಗೇರ್ ಸೈಕಲ್ಲು, ಲಕ್ಷದ ಕಾರ್ಬನ್ ಸೈಕಲ್ಲು, ಹಳೆಯ ಹರ್ಕ್ಯುಲಿಸ್ ಒಂದೇ ರಸ್ತೆಯಲ್ಲಿ ಎದುರಾಗುವ ಈ ಕಾಲಕ್ಕೆ ಆ ಚರ್ಚೆ ಹಳತಾಗಿದೆ ಎನ್ನುವುದು ಹೇಗೆ?

ನಮಗೆ ಇದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ. ಸಲಾಂ ಎಂದರೆ ಶಾಂತಿ, ಕ್ಷೇಮ. ನಿನ್ನ ಮೇಲೆ ಶಾಂತಿ ಇರಲಿ ಎನ್ನುವಾಗ ನನ್ನಿಂದ ನಿನಗೆ ಕೇಡಿಲ್ಲ ಎಂಬ ಭರವಸೆಯೂ ಅದರೊಳಗಿದೆ. ರಸ್ತೆಯಲ್ಲಿ ಯಾರಿಂದ ಯಾರಿಗೆ ಕೇಡು? ಸವಾರನಿಂದ ಪಾದಚಾರಿಗೆ. ಹಾಗಾಗಿ ಭರವಸೆ ಕೊಡಬೇಕಾದವನೂ ಸವಾರನೇ. ಲಾರಿ ಕಾರಿಗೆ, ಕಾರು ಸೈಕಲ್ಲಿಗೆ, ಸೈಕಲ್ಲು ನಡೆಯುವ ಅಜ್ಜಿಗೆ ಈ ಭರವಸೆಯ ಸಾಲಗಾರರು. ನಮ್ಮ ಹೆದ್ದಾರಿಗಳಲ್ಲಿ ಈ ಸಾಲ ತೀರಿಸುವ ಬಗೆಯೆಂದರೆ ಹಿಂದಿನಿಂದ ಬಂದು ಕಿವಿ ಹರಿಯುವಂತೆ ಹಾರನ್ ಬಾರಿಸುವುದು.

ಆದ್ದರಿಂದ ಸೈಕಲ್ಲಿನವನು ಸೈಕಲ್ಲಿನವನಿಗೆ ಸಲಾಂ ಹೇಳಬೇಕೇ ಎಂಬ ಪ್ರಶ್ನೆಗೆ ಹದೀಸ್ ಕೊಡುವ ಉತ್ತರ ಸ್ವಲ್ಪ ಓರೆಯಾಗಿದೆ. ನೀನು ನನ್ನಂಥವನು, ಆದ್ದರಿಂದ ಸಲಾಂ ಎಂಬ ಕ್ರಮ ಅಲ್ಲಿಲ್ಲ. ನಾನು ನಿನಗಿಂತ ಎತ್ತರದಲ್ಲಿದ್ದೇನೆ, ಆದ್ದರಿಂದ ಸಲಾಂ ಎಂಬುದು ಅಲ್ಲಿಯ ಕ್ರಮ. ಇಬ್ಬರೂ ಸಮ ಎತ್ತರದಲ್ಲಿದ್ದರೆ ಯಾರು ಮೊದಲು ಹೇಳಿದರೂ ಆಯಿತು, ಮೊದಲು ಹೇಳಿದವನಿಗೆ ಹೆಚ್ಚಿನ ಪುಣ್ಯ. ನಂದಿಯ ಹುಡುಗನು ನಂದಿಯ ಹುಡುಗನಿಗೆ ಬೆರಳು ಎತ್ತಿದರೆ ಒಳ್ಳೆಯದೇ. ಆದರೆ ಅವನ ಮೇಲಿನ ಮೊದಲ ಋಣ ಹಾಲಿನವನದು, ವಾಚ್‌ಮನ್ನನದು, ಅದಕ್ಕೂ ಮೊದಲು ರಸ್ತೆ ಗುಡಿಸುತ್ತಿರುವ ಪೌರಕಾರ್ಮಿಕ ತಾಯಿಯದು.

ಹಾಗೆಂದು ಕಂಡಕಂಡವರಿಗೆಲ್ಲ ಸಲಾಂ ಹೇಳುತ್ತಾ ಹೋಗುವುದೇ? ಇಲ್ಲಿ ಫಿಕ್ಹ್‌ನವರು ಒಂದು ಸೂಕ್ಷ್ಮವನ್ನು ಕಂಡಿದ್ದಾರೆ. ಸಲಾಂ ಹೇಳುವುದು ಸುನ್ನತ್. ಆದರೆ ಹೇಳಿದ ಸಲಾಮಿಗೆ ಉತ್ತರ ಕೊಡುವುದು ವಾಜಿಬ್, ಕಡ್ಡಾಯ. ಕುರ್‌ಆನಿನ ಅನ್ನಿಸಾ ಅಧ್ಯಾಯದ 86ನೆಯ ವಚನದ ಆದೇಶವೂ ಅದೇ, ಯಾರಾದರೂ ವಂದಿಸಿದರೆ ಅದಕ್ಕಿಂತ ಉತ್ತಮವಾಗಿ ಇಲ್ಲವೇ ಕನಿಷ್ಠ ಅಷ್ಟೇ ಚೆನ್ನಾಗಿ ಮರಳಿ ವಂದಿಸಬೇಕು. ಅಂದರೆ ನಾವು ಸಲಾಂ ಹೇಳಿದ ಕ್ಷಣ ಎದುರಿನವನ ಹೆಗಲ ಮೇಲೆ ಒಂದು ಭಾರ ಇಟ್ಟಂತೆ. ನಮಗೆ ಐಚ್ಛಿಕವಾದದ್ದು ಅವನಿಗೆ ಕಡ್ಡಾಯವಾಗುತ್ತದೆ. ಏರು ರಸ್ತೆಯಲ್ಲಿ ಏದುಸಿರು ಬಿಡುತ್ತಾ, ಸೀಟಿನಿಂದ ಎದ್ದು ನಿಂತು ಪೆಡಲ್ ಒತ್ತುತ್ತಿರುವವನ ಮೇಲೆ ಈ ಭಾರ ಹೊರಿಸಬಹುದೇ? ಊಟದ ತುತ್ತು ಬಾಯಲ್ಲಿರುವವನಿಗೆ, ನಮಾಝಿನಲ್ಲಿರುವವನಿಗೆ, ಬಹಿರ್ದೆಸೆಗೆ ಕೂತವನಿಗೆ ಸಲಾಂ ಹೇಳಬಾರದೆಂದು ಹಳೆಯ ಗ್ರಂಥಗಳು ಪಟ್ಟಿ ಕೊಡುತ್ತವೆ. ಆ ಪಟ್ಟಿಗೆ ಏರು ಹತ್ತುವ ಸೈಕಲ್ಲಿನವನನ್ನೂ ಸೇರಿಸಲು ನಾವು ಯಾವ ಮುಫ್ತಿ ಸಾಹೇಬರ ಬಳಿಯಾದರೂ ಅರ್ಜಿ ಹಾಕಲು ಸಿದ್ಧ. ಗುಂಪಿನಲ್ಲಿ ಹೋಗುವವರಿಗೆ ಒಂದು ಅನುಕೂಲವಿದೆ: ಹತ್ತು ಜನರಲ್ಲಿ ಒಬ್ಬ ಉತ್ತರ ಕೊಟ್ಟರೆ ಉಳಿದ ಒಂಬತ್ತು ಜನರ ಹೊಣೆ ಇಳಿಯುತ್ತದೆ. ಬಾಯಲ್ಲಿ ಶಬ್ದ ಹೊರಡಿಸದೆ ಬರೀ ಕೈಸನ್ನೆ ಮಾಡುವುದನ್ನು ವಿದ್ವಾಂಸರು ಅಷ್ಟಾಗಿ ಮೆಚ್ಚಿಲ್ಲ. ದೂರದಲ್ಲಿರುವವನಿಗಾದರೆ ಸನ್ನೆಯ ಜೊತೆಗೆ ಬಾಯಲ್ಲೂ ಹೇಳಬೇಕು ಎನ್ನುತ್ತಾರೆ. ಗಾಳಿಗೆ ಎದುರಾಗಿ ಮೂವತ್ತು ಕಿಲೋಮೀಟರ್ ವೇಗದಲ್ಲಿ ಹೋಗುವವನು ಬಾಯಲ್ಲಿ ಹೇಳಿದ್ದು ಯಾರಿಗೆ ಕೇಳುತ್ತದೆ ಎಂದರೆ, ಕೇಳಬೇಕಾದವನಿಗೆ ಕೇಳುತ್ತದೆ.

ನಮ್ಮ ಹಳ್ಳಿಯ ಕನ್ನಡದಲ್ಲಿ ಈ ಭಾರವನ್ನು ಹಗುರ ಮಾಡುವ ಒಂದು ಜಾಣತನವಿದೆ. ಅಲ್ಲಿ ವಂದನೆಯೆಂಬುದು ಪ್ರಶ್ನೆಯ ರೂಪದಲ್ಲಿ ಬರುತ್ತದೆ. "ಎಲ್ಲಿಗೆ ಹೊಂಟ್ರಿ?" ಇದಕ್ಕೆ "ಇಲ್ಲೇ" ಎಂದರೆ ಸಾಕು. ಬುಟ್ಟಿ ಹಿಡಿದು ಸಂತೆಗೆ ಹೋಗುವವನೂ "ಇಲ್ಲೇ", ಹಾಸಿಗೆ ಸುತ್ತಿಕೊಂಡು ಮುಂಬಯಿಗೆ ಹೊರಟವನೂ "ಇಲ್ಲೇ". ಕೇಳಿದವನಿಗೆ ವಿಳಾಸ ಬೇಕಾಗಿಲ್ಲ, ಹೇಳಿದವನು ಸುಳ್ಳು ಹೇಳಿದಂತೆಯೂ ಅಲ್ಲ. ನೀನು ಹೋಗುತ್ತಿರುವುದು ನನ್ನ ಕಣ್ಣಿಗೆ ಬಿತ್ತು, ಅಷ್ಟೇ. ಪಟ್ಟಣದ ಜನ ಇದನ್ನು ಅಧಿಕಪ್ರಸಂಗವೆಂದು ತಿಳಿಯುತ್ತಾರೆ. ಬಂದವರನ್ನು ಮಾತಾಡಿಸಲು ಬಾಯಿ ಬಾರದವರನ್ನು ಬಸವಣ್ಣನವರು ಒಂದು ವಚನದಲ್ಲಿ ತರಾಟೆಗೆ ತೆಗೆದುಕೊಂಡದ್ದು ಕನ್ನಡ ಶಾಲೆಯಲ್ಲಿ ಕಲಿತವರಿಗೆ ನೆನಪಿರಬೇಕು. ಅತ್ತ ಉರ್ದು ಶಾಲೆಯಲ್ಲಿ ನಮಗೆ ಕಲಿಸಿದ್ದು ಸೂರಾ ಲುಕ್ಮಾನಿನ ಉಪದೇಶ: ಜನರಿಂದ ಕೆನ್ನೆ ತಿರುಗಿಸಿಕೊಳ್ಳಬೇಡ ಎಂದು ಮಗನಿಗೆ ಲುಕ್ಮಾನ್ ಹೇಳುವ ಬುದ್ಧಿ. ಅಲ್ಲಿ ಬಳಕೆಯಾದ ಅರಬಿ ಕ್ರಿಯಾಪದ ಒಂಟೆಗಳಿಗೆ ಬರುವ ಒಂದು ರೋಗದ ಹೆಸರಿನಿಂದ ಬಂದದ್ದೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಆ ರೋಗ ಬಂದ ಒಂಟೆಯ ಕತ್ತು ಒಂದೇ ಕಡೆಗೆ ತಿರುಚಿಕೊಂಡುಬಿಡುತ್ತದಂತೆ. ಎದುರಿನವನನ್ನು ಕಂಡೂ ಕಾಣದಂತೆ ಹೋಗುವವನಿಗೆ ಇದಕ್ಕಿಂತ ಸರಿಯಾದ ಹೋಲಿಕೆ ನಮಗೆ ತಿಳಿದಿಲ್ಲ.

ಇಷ್ಟು ಹೊತ್ತು ಬೆಂಗಳೂರಿನ ಹುಡುಗರ ಬಗ್ಗೆ ಹೇಳಿದೆವು. ಈಗ ನಮ್ಮವರ ಕಡೆಗೂ ತಿರುಗಬೇಕು. ಆ ಹುಡುಗರ ನಾಲ್ಕು ಬೆರಳಿನಲ್ಲಿ ಒಂದು ದೊಡ್ಡ ಗುಣವಿದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಹೆಲ್ಮೆಟ್ಟಿನ ಕೆಳಗೆ ಟೋಪಿಯೂ ಕಾಣುವುದಿಲ್ಲ, ವಿಭೂತಿಯೂ ಕಾಣುವುದಿಲ್ಲ. ಎದುರಿನವನು ಯಾವ ಧರ್ಮದವನೆಂದು ತಿಳಿಯದೆ ಅವರು ಬೆರಳು ಎತ್ತುತ್ತಾರೆ, ತಿಳಿಯಲು ಪ್ರಯತ್ನಿಸುವುದೂ ಇಲ್ಲ. ನಮ್ಮಲ್ಲಿ ಎಷ್ಟು ಜನ ಹಾಗಿದ್ದಾರೆ? ಟೋಪಿ ಕಂಡರೆ ಅಸ್ಸಲಾಮು ಅಲೈಕುಂ, ಕಾಣದಿದ್ದರೆ ಮೌನ. ಅವರ ಸಲಾಮು ಧರ್ಮ ಕೇಳುವುದಿಲ್ಲ, ಸೈಕಲ್ಲಿನ ಬೆಲೆ ಕೇಳುತ್ತದೆ. ನಮ್ಮದು ಬೆಲೆ ಕೇಳುವುದಿಲ್ಲ, ಧರ್ಮ ಕೇಳುತ್ತದೆ. ಎರಡೂ ಕಡೆ ಅರ್ಧರ್ಧ ಸೋರಿಹೋಗಿದೆ.

ಮುಸ್ಲಿಮರಲ್ಲದವರಿಗೆ ಸಲಾಂ ಹೇಳಬಹುದೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇರುವುದು ನಿಜ. ಮೊದಲಾಗಿ ಹೇಳಬಾರದೆನ್ನುವವರು ಮುಸ್ಲಿಮ್ ಸಂಗ್ರಹದ ಒಂದು ಹದೀಸನ್ನು ಮುಂದಿಡುತ್ತಾರೆ. ಅದು ಯುದ್ಧದ ಸಂದರ್ಭದ ಮಾತು, ಎಲ್ಲ ಕಾಲಕ್ಕೂ ಅಲ್ಲ ಎಂದು ವಿವರಿಸಿದವರೂ ಇದ್ದಾರೆ. ಮುಸ್ಲಿಮರು, ವಿಗ್ರಹಾರಾಧಕರು, ಯಹೂದಿಗಳು ಬೆರೆತು ಕುಳಿತಿದ್ದ ಒಂದು ಕೂಟದ ಬಳಿ ಹಾದುಹೋಗುವಾಗ ಪ್ರವಾದಿ(ಸ)ಯವರು ಸಲಾಂ ಹೇಳಿದರೆಂಬುದು ಬುಖಾರಿಯಲ್ಲೇ ಇದೆ. ಆಗ ಅವರು ಸವಾರಿಯ ಮೇಲಿದ್ದರು, ಕತ್ತೆಯ ಮೇಲೆ. ಉತ್ತರ ಕೊಡುವ ವಿಷಯದಲ್ಲಂತೂ ಇಬ್ನ್ ಅಬ್ಬಾಸ್(ರ)ರದೆಂದು ವರದಿಯಾದ ಅಭಿಪ್ರಾಯ ಸ್ಪಷ್ಟ: ಯಹೂದಿಯಾಗಲಿ, ಕ್ರೈಸ್ತನಾಗಲಿ, ಅಗ್ನಿಪೂಜಕನಾಗಲಿ, ಸಲಾಂ ಹೇಳಿದವನಿಗೆ ಮರಳಿ ಹೇಳಬೇಕು. ಇಸ್ಲಾಮಿನಲ್ಲಿ ಯಾವುದು ಉತ್ತಮ ಎಂದು ಒಬ್ಬರು ಕೇಳಿದಾಗ, ಹಸಿದವರಿಗೆ ಉಣಿಸುವುದು, ಪರಿಚಯವಿದ್ದವರಿಗೂ ಇಲ್ಲದವರಿಗೂ ಸಲಾಂ ಹೇಳುವುದು ಎಂಬರ್ಥದ ಉತ್ತರ ಬಂತು. ಇಬ್ನ್ ಉಮರ್(ರ) ಏನನ್ನೂ ಕೊಳ್ಳುವುದಿಲ್ಲದೆ, ಏನನ್ನೂ ಮಾರುವುದಿಲ್ಲದೆ, ಸಲಾಂ ಹೇಳುವುದಕ್ಕೆಂದೇ ಪೇಟೆಗೆ ಹೋಗುತ್ತಿದ್ದರೆಂದು ಇಮಾಮ್ ಮಾಲಿಕರ ಮುವತ್ತಾದಲ್ಲಿದೆ. ನಮ್ಮ ಬಾಯಿಗೆ ಸಲಾಂ ಎಂಬ ಪದ ಬಾರದಿದ್ದರೆ ಬೇಡ. ನಮಸ್ಕಾರ ಇದೆ, ಆದಾಬ್ ಇದೆ, "ಆರಾಮೇನ್ರೀ" ಇದೆ. ಪದ ಸಿಗಲಿಲ್ಲವೆಂಬ ನೆಪಕ್ಕೆ ಕತ್ತು ತಿರುಗಿಸುವುದು ಯಾವ ಇಮಾಮರ ಮತವೂ ಅಲ್ಲ.

ಇದನ್ನು ಬರೀ ನಡವಳಿಕೆಯ ಸೊಗಸು ಎಂದು ಯಾರಾದರೂ ಭಾವಿಸಿದರೆ ಅವರು ಒಂದು ದಿನ ಗುಜರಿಯವನ ಹಿಂದೆ ಹೋಗಬೇಕು. ನಮ್ಮ ಕಡೆ ಈ ಕಸುಬಿನಲ್ಲಿ ಮುಸಲ್ಮಾನರು ಬಹಳ. ಬೆಳಗ್ಗೆ ತಕ್ಕಡಿ, ಗೋಣಿಚೀಲ, ಬದಲಿಗೆ ಕೊಡಲು ಈರುಳ್ಳಿಯೋ ಪ್ಲಾಸ್ಟಿಕ್ ಬಕೆಟ್ಟೋ ಕಟ್ಟಿಕೊಂಡು ಹೊರಟರೆ ಐದಾರು ಹಳ್ಳಿ ಸುತ್ತಿ ಬರುವುದು ಮಗ್ರಿಬ್ ಹೊತ್ತಿಗೆ. ಅನೇಕರು ಈಗ ಟಿವಿಎಸ್ ಏರಿದ್ದಾರೆ, ಏರಲಾಗದವರು ಸೈಕಲ್ಲಿನಲ್ಲೇ ಇದ್ದಾರೆ. ಪರಊರಿನ ಓಣಿಯಲ್ಲಿ, ಪರರ ಅಂಗಳದಲ್ಲಿ, ಹೆಂಗಸರು ಮಾತ್ರ ಇರುವ ಹೊತ್ತಿನಲ್ಲಿ ಮುರಿದ ಕೊಡ, ತುಕ್ಕು ಹಿಡಿದ ನೇಗಿಲು ತೂಗಿಕೊಳ್ಳುವ ಕೆಲಸ. ಅದು ನಡೆಯುವುದು ನಂಬಿಕೆಯ ಮೇಲೆ. 2022ರ ಮಾರ್ಚಿನಲ್ಲಿ ಕರಾವಳಿಯ, ಮಲೆನಾಡಿನ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಬಾರದೆಂಬ ಬ್ಯಾನರುಗಳು ಎದ್ದವು. ಆ ದಿನಗಳಲ್ಲಿ ನಮ್ಮ ಓಣಿಯ ಗುಜರಿಯವರೊಬ್ಬರನ್ನು, ಇನ್ನು ಹಳ್ಳಿಗೆ ಹೋಗಲು ಹೆದರಿಕೆ ಆಗುವುದಿಲ್ಲವೇ ಎಂದು ಕೇಳಿದ್ದೆವು. ಅರವತ್ತು ದಾಟಿದವರು, ಗಡ್ಡ ಇದೆ, ಟೋಪಿ ಇದೆ, ಅಡಗಿಸಲು ಏನೂ ಇಲ್ಲ. ಅವರು ಹೇಳಿದ್ದು ಇದು: "ಬ್ಯಾನರ್ ಓದಾಕ ನಂಗ ಬರೂದಿಲ್ಲರೀ. ಊರ ಹೊರಗಿನ ಕಟ್ಟಿ ನೋಡ್ತೀನಿ. ಕಟ್ಟಿ ಮ್ಯಾಲಿನ ಮುದುಕ್ರು 'ಏನ್ ಸಾಬ್ರ, ಭಾಳ ದಿನ ಆತು' ಅಂದ್ರ ಒಳಗ ಹೋಗ್ತೀನಿ. ನಾ ಸಲಾಂ ಮಾಡಿದ್ರೂ ಮುಖಾ ತಿರುವಿದ್ರ ಹಂಗ ಮುಂದಿನ ಊರಿಗೆ ಹೊಡಿತೀನಿ."

ಸವಾರನು ಕುಳಿತವರಿಗೆ ಸಲಾಂ ಹೇಳುತ್ತಾನೆ. ಹದೀಸಿನ ಕ್ರಮ ತಪ್ಪಲಿಲ್ಲ. ಕುಳಿತವರು ಉತ್ತರಿಸುತ್ತಾರೋ ಇಲ್ಲವೋ ಎಂಬುದರ ಮೇಲೆ ಒಂದು ಸಂಸಾರದ ಆ ದಿನದ ಅನ್ನ ನಿಂತಿದೆ. ಹಾದಿಯಲ್ಲಿ ಕೂರುವವರಿಗೆ ಪ್ರವಾದಿ(ಸ)ಯವರು ವಿಧಿಸಿದ ಹಾದಿಯ ಹಕ್ಕುಗಳಲ್ಲಿ ಸಲಾಮಿಗೆ ಉತ್ತರ ಕೊಡುವುದೂ ಒಂದು, ಯಾರಿಗೂ ತೊಂದರೆ ಕೊಡದಿರುವುದೂ ಒಂದು. ಕಟ್ಟೆಯ ಮೇಲೆ ಕುಳಿತ ಆ ಮುದುಕರು ಈ ಹದೀಸ್ ಓದಿದವರಲ್ಲ. ಆದರೂ ಅವರಲ್ಲಿ ಹೆಚ್ಚಿನವರು ಆ ವರ್ಷವೂ "ಭಾಳ ದಿನ ಆತು" ಎಂದೇ ಕೇಳಿದರೆಂದು ಗುಜರಿಯವರು ಲೆಕ್ಕ ಕೊಟ್ಟರು. ಎರಡು ಊರು ಬಿಟ್ಟು.

ಅನ್ನಿಸಾ ಅಧ್ಯಾಯದಲ್ಲೇ, 86ರಿಂದ ಸ್ವಲ್ಪ ಮುಂದೆ, 94ನೆಯ ವಚನವಿದೆ. ಅದು ಅವತೀರ್ಣವಾದ ಹಿನ್ನೆಲೆಯನ್ನು ಬುಖಾರಿಯಲ್ಲಿ ಇಬ್ನ್ ಅಬ್ಬಾಸ್(ರ) ಹೇಳುತ್ತಾರೆ. ಸ್ವಲ್ಪ ಕುರಿಗಳನ್ನು ಇಟ್ಟುಕೊಂಡಿದ್ದ ಒಬ್ಬ ಬಡವ ದಾರಿಯಲ್ಲಿ ಮುಸ್ಲಿಮರ ಒಂದು ತುಕಡಿಗೆ ಎದುರಾದ. ಅಸ್ಸಲಾಮು ಅಲೈಕುಂ ಎಂದ. ಅವರು ಅವನನ್ನು ಕೊಂದು ಕುರಿಗಳನ್ನು ತೆಗೆದುಕೊಂಡರು. ಜೀವ ಉಳಿಸಿಕೊಳ್ಳಲು ಸಲಾಂ ಹೇಳಿದ್ದಾನೆ, ನಮ್ಮವನಲ್ಲ ಎಂಬ ಗುಮಾನಿ. ನಿಮಗೆ ಸಲಾಂ ಹೇಳಿದವನನ್ನು ನೀನು ವಿಶ್ವಾಸಿಯಲ್ಲ ಎನ್ನಬೇಡಿ, ವಿಚಾರಿಸಿ ನೋಡಿ ಎಂಬ ಕಟ್ಟುನಿಟ್ಟಿನ ಆದೇಶ ಬಂದದ್ದು ಆಗ. ಗಮನಿಸಬೇಕಾದದ್ದು, ಎಚ್ಚರಿಕೆ ಹೋದದ್ದು ಸಲಾಂ ಹೇಳಿದವನಿಗೆ ಅಲ್ಲ, ಕೇಳಿಸಿಕೊಂಡವರಿಗೆ. ಎದುರಿನವನ ಹೃದಯವನ್ನು ಸೀಳಿ ನೋಡುವ ಅಧಿಕಾರ ನಮಗಿಲ್ಲ. ನಾಲ್ಕು ಕುರಿ ಹಿಡಿದು ಹೋಗುತ್ತಿದ್ದ ಆ ಮನುಷ್ಯ, ತಕ್ಕಡಿ ಕಟ್ಟಿಕೊಂಡು ಹೋಗುವ ನಮ್ಮ ಓಣಿಯವರು, ಇಬ್ಬರೂ ದಾರಿಯಲ್ಲಿ ಮೊದಲು ಚಾಚಿದ್ದು ಒಂದೇ ಮಾತನ್ನು. ಸಾವಿರದ ನಾನೂರು ವರ್ಷಗಳಾದರೂ ಬಡವನ ಕೈಯಲ್ಲಿ ಇರುವ ರಹದಾರಿ ಅದೊಂದೇ.

ಒಂದು ಜಾಗದಲ್ಲಿ ಮಾತ್ರ ಸಲಾಂ ಹೇಳದಿರುವುದೇ ಸಲಾಂ ಎಂದು ನಮ್ಮ ಅಭಿಪ್ರಾಯ. ನಮ್ಮ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತು, ಕೊರೊನಾ ಕಾಲದಲ್ಲಿ ಅದು ನಿಂತುಹೋಯಿತು. ಆ ವರ್ಷಗಳಲ್ಲಿ ಸಂಜೆ ಐದರ ಹೊತ್ತಿಗೆ ಹಳ್ಳಿಯ ರಸ್ತೆಗಳಲ್ಲಿ ಎರಡು ಜಡೆಯ, ತಲೆಗೆ ದುಪಟ್ಟಾ ಹೊದ್ದ ಹುಡುಗಿಯರು ಸಾಲಾಗಿ ಸೈಕಲ್ ತುಳಿಯುತ್ತಾ ಬರುವುದನ್ನು ನೋಡುವುದೇ ಒಂದು ಹಬ್ಬವಾಗಿತ್ತು. ಹಬ್ಬ ನಮಗೆ. ಅವರಿಗೆ ಆ ರಸ್ತೆಯ ಉದ್ದಕ್ಕೂ ಸಿಗುತ್ತಿದ್ದ "ಹಲೋ"ಗಳು ಎಂಥವೆಂದು ಅವರ ತಾಯಂದಿರನ್ನು ಕೇಳಬೇಕು. ಎಷ್ಟೋ ಮನೆಗಳಲ್ಲಿ ಆ ಹಲೋಗಳ ದೆಸೆಯಿಂದಲೇ ಸೈಕಲ್ಲು ಗೋಡೆಗೆ ಒರಗಿತು, ಹುಡುಗಿಯ ಓದೂ ಅದರ ಜೊತೆಗೆ ಒರಗಿತು. ಹಾದಿಯ ಹಕ್ಕುಗಳ ಆ ಹದೀಸಿನಲ್ಲಿ ದೃಷ್ಟಿ ತಗ್ಗಿಸುವುದು ಮೊದಲು ಬರುತ್ತದೆ, ಸಲಾಮಿನ ಉತ್ತರ ಆಮೇಲೆ. ಈ ಕ್ರಮ ಸುಮ್ಮನೆ ಬಂದದ್ದಲ್ಲವೆಂದು ನಾವು ತಿಳಿಯುತ್ತೇವೆ. ನೆರೆಯ ಮುದುಕಿ "ಹುಷಾರು ಮಗಾ" ಎಂದು ಕೂಗಿದರೆ ಅದು ಬೇರೆ. ನಾವು ಗಂಡಸರು ದಾರಿ ಬಿಟ್ಟು, ಬ್ರೇಕು ಹಿಡಿದು, ಬೇರೆ ಕಡೆ ನೋಡಿದರೆ ಹುಡುಗಿಗೆ ನನ್ನಿಂದ ನಿನಗೆ ಕೇಡಿಲ್ಲ ಎಂದು ಹೇಳಿದಂತಾಯಿತು. ಲುಕ್ಮಾನಿನ ಒಂಟೆಯ ರೋಗ ಇದಕ್ಕೆ ಅನ್ವಯಿಸುವುದಿಲ್ಲ.

ಇನ್ನು ಮುನಿಸಿನ ವಿಷಯ. ನಮ್ಮೂರಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ಒಬ್ಬರದು ಸೈಕಲ್ ರಿಪೇರಿ ಅಂಗಡಿ, ಇನ್ನೊಬ್ಬರದು ಹೊಲಿಗೆ. ಮನೆಯ ಪಾಲಿನಲ್ಲಿ ಜಗಳವಾಗಿ ಮಾತು ಬಿಟ್ಟರು. ಹಳ್ಳದ ಸೇತುವೆ ಸಣ್ಣದು, ಇಬ್ಬರೂ ದಿನಾ ಬೆಳಗ್ಗೆ ಎದುರುಬದುರಾಗಿ ಸೈಕಲ್ಲಿನಲ್ಲೇ ಹಾದುಹೋಗಬೇಕು. ಅಣ್ಣ ನೀರಿನ ಕಡೆ ನೋಡುತ್ತಿದ್ದರು, ತಮ್ಮ ಸ್ಮಶಾನದ ಕಡೆ. ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡಬಾರದು, ಎದುರಾದಾಗ ಇವನು ಅತ್ತ ಅವನು ಇತ್ತ ಮುಖ ತಿರುಗಿಸುವ ಇಬ್ಬರಲ್ಲಿ ಮೊದಲು ಸಲಾಂ ಹೇಳಿದವನೇ ಉತ್ತಮ ಎಂಬ ಹದೀಸನ್ನು ಮೌಲವಿ ಸಾಹೇಬರು ಜುಮಾ ದಿನ ಅವರಿಬ್ಬರನ್ನೂ ಮುಂದಿನ ಸಫ್‌ನಲ್ಲಿ ಕೂರಿಸಿಕೊಂಡೇ ಹೇಳಿದ್ದರು. ಇಬ್ಬರೂ ತಲೆಯಾಡಿಸಿದರು. ಸೇತುವೆಯ ಮೇಲೆ ಮಾತ್ರ ನೀರು, ಸ್ಮಶಾನ. ಹನ್ನೊಂದು ವರ್ಷ ಹಾಗೇ ನಡೆಯಿತು. ಒಂದು ಮಳೆಗಾಲದಲ್ಲಿ ತಮ್ಮನ ಸೈಕಲ್ಲಿನ ಚೈನು ಸೇತುವೆಯ ನಡುವೆ ಕಳಚಿತು. ಅಣ್ಣ ಇಳಿದು, ಒಂದೂ ಮಾತಾಡದೆ ಚೈನು ಹಾಕಿ, ಕೈಯ ಗ್ರೀಸನ್ನು ಲುಂಗಿಗೆ ಒರೆಸಿಕೊಂಡು ಹೋದರಂತೆ. ಅದನ್ನು ಸಲಾಂ ಎಂದು ಎಣಿಸಬೇಕೇ ಬೇಡವೇ ಎಂದು ಊರಿನ ಚಹಾದಂಗಡಿಯಲ್ಲಿ ಒಂದು ವಾರ ಚರ್ಚೆ ನಡೆಯಿತು. ತಮ್ಮನ ಪ್ರಕಾರ ಅಣ್ಣನೇ ಮೊದಲು. ಅಣ್ಣನ ಪ್ರಕಾರ ತಮ್ಮ ಚೈನು ಕಳಚಿದಾಗ "ಯಾ ಅಲ್ಲಾಹ್" ಎಂದದ್ದೇ ಮೊದಲು.

ಕೊನೆಗೆ ಹಾಲಿನವನ ಪ್ರಶ್ನೆ ಉಳಿಯುತ್ತದೆ. ನಂದಿಯ ಹಾದಿಯಲ್ಲಾಗಲಿ ನಮ್ಮೂರಿನಲ್ಲಾಗಲಿ, ಹ್ಯಾಂಡಲಿನ ಎರಡು ಕಡೆಗೂ ಹಿಂದೆಯೂ ತುಂಬಿದ ಕ್ಯಾನು ಕಟ್ಟಿಕೊಂಡವನು ಕೈ ಬಿಟ್ಟರೆ ಹಾಲೂ ಅವನೂ ರಸ್ತೆಗೆ. ಬಾಯಲ್ಲಿ ಬೀಡಿ ಇರುತ್ತದೆ, ಮಾತೂ ಕಷ್ಟ. ನಾವು ಕೈ ಎತ್ತಿದರೆ ಅವನು ಹುಬ್ಬು ಏರಿಸಿ ಇಳಿಸುತ್ತಾನೆ. ವಾಜಿಬ್ ಅಷ್ಟಕ್ಕೇ ತೀರಿತೇ ಎಂದು ನಮ್ಮ ಮೌಲವಿ ಸಾಹೇಬರನ್ನು ಕೇಳಿದೆವು. ಕಿತಾಬು ನೋಡಿ ಹೇಳುತ್ತೇನೆ ಎಂದಿದ್ದಾರೆ.